ಬಿಡುಗಡೆಯ ಧರ್ಮ

ಮದುವೆ ಮಾಡುವಾಗ ನಮ್ಮ ಜನ ನೂರು ಮಂದಿಯ ಸಲಹೆ ಕೇಳುತ್ತಾರೆ. ಮುರಿಯುವಾಗ ಒಬ್ಬರನ್ನು ಕೇಳಲೂ ನಾಚುತ್ತಾರೆ. ಕೇಳಿದರೂ ತಮಗಾಗಿ ಅಲ್ಲ, ‘ನಮ್ಮ ಪೈಕಿಯವರೊಬ್ಬರಿಗೆ’ ಎಂದು ಕೇಳುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಇಂಥ ಪ್ರಶ್ನೆಗಳು ಹಲವು ವರ್ಷಗಳಿಂದ ನನ್ನ ಕಿವಿಗೆ ಬೀಳುತ್ತಿವೆ. ಬರೆದುಕೊಟ್ಟರೆ ಸಾಲದೆ, ಎಷ್ಟು ದಿನ ಕಾಯಬೇಕು, ತಪ್ಪು ಯಾರದೆಂದು ಬರೆಯಬೇಕು, ಜೀವನಾಂಶವೆಷ್ಟು—ಎಲ್ಲವೂ ಕಾಯಿದೆಯ ಪ್ರಶ್ನೆಗಳೇ. ಆದರೆ ಒಂದೊಂದರ ಬೆನ್ನಿಗೂ ಒಂದು ಧರ್ಮಪ್ರಶ್ನೆ ಅಂಟಿಕೊಂಡಿದೆ. ಅದಕ್ಕೆ ವಕೀಲರು ಉತ್ತರ ಹೇಳಲಾರರು, ನಾವೇ ಹೇಳಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು ಇದು: ‘ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಬರೆದುಕೊಂಡಿದ್ದೇವೆ, ಬಿಡುಗಡೆಯಾದಂತೆ ತಾನೆ?’ ಆದಂತಲ್ಲ. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಮದುವೆಯನ್ನು ರದ್ದುಮಾಡುವ ಅಧಿಕಾರ ನ್ಯಾಯಾಲಯದ್ದು. ಒಂದು ವಿನಾಯಿತಿ ಉಂಟು. ಬಿಡುಗಡೆಯ ಸಂಪ್ರದಾಯ ಹಿಂದಿನಿಂದಲೂ ಇದ್ದ ಸಮುದಾಯಗಳ ರೂಢಿಯನ್ನು ಅದೇ ಕಾಯಿದೆಯ 29ನೆಯ ಕಲಮು ಉಳಿಸಿದೆ. ಹಳೆಯ ಮೈಸೂರಿನಲ್ಲಿ ಬಿಟ್ಟವಳಿಗೂ ವಿಧವೆಗೂ ಉಡಿಕೆ, ಕೂಡಾವಳಿಗಳ ಮೂಲಕ ಮರುಬಾಳು ಕಟ್ಟಿಕೊಡುತ್ತಿದ್ದ ಜಾತಿಗಳು ಎಷ್ಟೋ ಇದ್ದುವು. ಮೇಲಿನವರೆನಿಸಿಕೊಂಡವರು ಪಾಪವೆಂದದ್ದನ್ನು ಅವರು ಸಹಜವಾಗಿ ನಡೆಸಿಕೊಂಡು ಬಂದರು. ಆದರೆ ಇಂದು ಅಂಥ ರೂಢಿಯನ್ನು ಹೇಳಿಕೊಳ್ಳುವವರು ಅದನ್ನು ಸಾಕ್ಷ್ಯಸಹಿತ ರುಜುವಾತು ಮಾಡಬೇಕು. ನೋಟರಿಯ ಮೊಹರು ರೂಢಿಯಾಗುವುದಿಲ್ಲ.

ಈ ಕಾಗದದಿಂದ ಮೋಸಹೋಗುವವರು ಯಾರು? ‘ಇನ್ನು ಮುಂದೆ ಯಾವ ಹಕ್ಕೂ ಇಲ್ಲ’ ಎಂಬ ಕೊನೆಯ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿದವಳು ಒಬ್ಬಳು. ಆ ಕಾಗದವನ್ನು ನಂಬಿ ಅದೇ ಗಂಡಸಿಗೆ ಕೊರಳೊಡ್ಡಿದವಳು ಇನ್ನೊಬ್ಬಳು. ಮೊದಲ ಮದುವೆ ಊರ್ಜಿತವಾಗಿರುವಾಗ ಎರಡನೆಯದು ಕಾಯಿದೆಯ ಕಣ್ಣಿಗೆ ಮದುವೆಯೇ ಅಲ್ಲ. ಅದರಲ್ಲಿ ಹುಟ್ಟಿದ ಮಕ್ಕಳನ್ನು ಕಾಯಿದೆ ಕೈಬಿಟ್ಟಿಲ್ಲವೆಂಬುದೊಂದೇ ಸಮಾಧಾನ. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು ಅಂಥ ಮಕ್ಕಳಿಗೆ ತಂದೆತಾಯಿಗಳ ಪಾಲಿನಲ್ಲಿ ಹಕ್ಕುಂಟೆಂದು ಹೇಳಿತು. ಹಿರಿಯರು ಅಗ್ಗದ ದಾರಿ ತೋರಿಸಿದ್ದು ಕರುಣೆಯಿಂದಲೇ ಇರಬಹುದು. ಆದರೆ ಇನ್ನೊಬ್ಬರ ಬಾಳನ್ನು ಒತ್ತೆಯಿಟ್ಟು ತೋರುವ ಕರುಣೆ ಕರುಣೆಯೆ?

ಎರಡನೆಯ ಪ್ರಶ್ನೆ: ‘ಬೇರೆ ಇದ್ದರೆ ಸಾಕು, ವಿಚ್ಛೇದನ ಏಕೆ?’ ಬೇರೆ ಇರುವುದಕ್ಕೂ ಕಾಯಿದೆಯಲ್ಲಿ ಕ್ರಮವಿದೆ. 10ನೆಯ ಕಲಮಿನ ನ್ಯಾಯಿಕ ಪ್ರತ್ಯೇಕತೆ ಅದು. ಮದುವೆ ಉಳಿಯುತ್ತದೆ, ಕೂಡಿ ಬಾಳಬೇಕೆಂಬ ಬಾಧ್ಯತೆ ತಪ್ಪುತ್ತದೆ, ಮರುಮದುವೆಗೆ ಅವಕಾಶವಿಲ್ಲ. ಮನಸ್ಸು ತಿರುಗಿದರೆ ಮತ್ತೆ ಕೂಡಬಹುದು. ಡಿಕ್ರಿಯಾದ ಮೇಲೆ ಒಂದು ವರ್ಷ ಕೂಡದೆ ಹೋದರೆ ಇಬ್ಬರಲ್ಲಿ ಯಾರಾದರೂ ವಿಚ್ಛೇದನ ಕೇಳಬಹುದು. ಮತ್ತೆ ಕೂಡುವ ಆಸೆ ಇನ್ನೂ ಇರುವವರಿಗೆ ಇದು ತಕ್ಕ ದಾರಿ. ಆದರೆ ನಮ್ಮಲ್ಲಿ ‘ಬೇರೆ ಇರುವುದು’ ಎಂದರೆ ಸಾಮಾನ್ಯವಾಗಿ ಡಿಕ್ರಿಯೂ ಇಲ್ಲ, ಜೀವನಾಂಶವೂ ಇಲ್ಲ. ತವರಿನ ಪಡಸಾಲೆಯ ಮೂಲೆಯೊಂದೇ. 2011ರ ಜನಗಣತಿಯಲ್ಲಿ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ ಇದ್ದರೆ, ಬೇರೆ ಇರುವವರು ಅದರ ಎರಡೂವರೆ ಪಟ್ಟಿನಷ್ಟಿದ್ದರು. ಎರಡು ಗುಂಪಿನಲ್ಲೂ ಹೆಂಗಸರೇ ಹೆಚ್ಚು. ವಿಚ್ಛೇದನವನ್ನು ಸುಲಭ ಮಾಡಿದರೆ ಸಂಸಾರಗಳು ಒಡೆಯುತ್ತವೆಂದು ಹೇಳುವವರು ಈ ಸಂಖ್ಯೆಯನ್ನು ನೋಡಬೇಕು. ಕಾಯಿದೆಯ ಬಾಗಿಲಿಗೆ ಹೋಗದೆಯೇ ಸಂಸಾರಗಳು ಒಡೆದಿವೆ; ಒಡೆದದ್ದನ್ನು ಒಡೆದದ್ದೆಂದು ಹೇಳುವವರಿಲ್ಲ, ಅಷ್ಟೆ. ಇದನ್ನು ಮರ್ಯಾದೆ ಎನ್ನುತ್ತೇವೆ. ಹೆಂಡತಿಯೂ ಅಲ್ಲದೆ, ಸ್ವತಂತ್ರಳೂ ಅಲ್ಲದೆ ಮೂವತ್ತು ವರ್ಷ ಕಳೆಯುವವಳ ಬಾಳಿನಿಂದ ಆ ಮರ್ಯಾದೆಯ ಬೆಲೆ ತೆತ್ತಿದ್ದೇವೆ.

ಹಾಗಾದರೆ ಆತುರ ಸರಿಯೆ? ಅದೂ ಅಲ್ಲ. ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು, ಅಸಾಧಾರಣ ಕಷ್ಟದ ಹೊರತು, ವಿಚ್ಛೇದನದ ಅರ್ಜಿ ಹಾಕಲಾಗದು. ಪರಸ್ಪರ ಒಪ್ಪಿಗೆಯಿಂದ ಕೇಳುವವರು ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿಯ ಮೇಲೆ ಮತ್ತೆ ಆರು ತಿಂಗಳು. ಈ ಆರು ತಿಂಗಳನ್ನು ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಡಿಕ್ರಿಯಾಗುವ ಮೊದಲು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಸ್ವಾತಂತ್ರ್ಯವೂ ಉಂಟು. ಈ ಕಾಯುವಿಕೆ ಶಿಕ್ಷೆಯೆಂದು ಹಲವರು ಗೊಣಗುತ್ತಾರೆ. ಕೊಬ್ಬರಿ ಮಾಡುವ ನಮ್ಮವರಿಗೆ ಅದು ಅರ್ಥವಾಗಬೇಕು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ನೀರು ಆರಿ, ತಿರುಳು ಚಿಪ್ಪನ್ನು ತಾನಾಗಿಯೇ ಬಿಟ್ಟು ಒಳಗೆ ಗುಡುಗುಡು ಎಂದಾಗ ಒಡೆದರೆ ಗಿಟುಕು ಇಡಿಯಾಗಿ ಬರುತ್ತದೆ. ಅವಸರ ಮಾಡಿದರೆ ಚಿಪ್ಪಿಗೆ ತಿರುಳು ಅಂಟಿ ಚೂರಾಗುತ್ತದೆ. ಆದರೆ ಬಿಟ್ಟಿರುವುದು ಗೊತ್ತಾದ ಮೇಲೂ ವರ್ಷಗಟ್ಟಲೆ ಅಟ್ಟದ ಮೇಲೆಯೇ ಇಡುವ ರೈತನೂ ಇಲ್ಲ. ಇನ್ನು ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ ಕಾಯುವ ಮಾತೇ ಬೇಡ. 2005ರ ಕೌಟುಂಬಿಕ ಹಿಂಸೆ ಕಾಯಿದೆಯ ರಕ್ಷಣೆ ವಿಚ್ಛೇದನಕ್ಕೆ ಕಾದು ಕೂರುವುದಿಲ್ಲ.

ಮೂರನೆಯದು ತಪ್ಪಿನ ಪ್ರಶ್ನೆ. ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ವ್ಯಭಿಚಾರ—ಇವುಗಳಲ್ಲೊಂದನ್ನು ಎದುರಾಳಿಯ ಮೇಲೆ ಹೊರಿಸಬೇಕು. ಪರಸ್ಪರ ಒಪ್ಪಿಗೆಯ ದಾರಿ ತೆರೆದದ್ದು 1976ರ ತಿದ್ದುಪಡಿಯಿಂದ. ಇದನ್ನು ಪರದೇಶದಿಂದ ತಂದ ರೋಗವೆನ್ನುವವರು ಮೈಸೂರಿನ ಆರ್. ಶಾಮಶಾಸ್ತ್ರಿಗಳನ್ನು ನೆನೆಯಬೇಕು. ಅವರು ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ಧರ್ಮವಿವಾಹಗಳಿಗೆ ಬಿಡುಗಡೆಯಿಲ್ಲವೆಂದರೂ, ಉಳಿದವುಗಳಲ್ಲಿ ಪರಸ್ಪರ ದ್ವೇಷವಿದ್ದರೆ ಬಿಡುಗಡೆಯುಂಟೆನ್ನುತ್ತದೆ. ಒಬ್ಬರಿಗೆ ಮಾತ್ರ ದ್ವೇಷವಿದ್ದರೆ ಸಾಲದು ಎಂಬ ಎಚ್ಚರವೂ ಅಲ್ಲಿದೆ. ಇಬ್ಬರೂ ಒಪ್ಪದಿದ್ದಾಗ ಆರೋಪ ಅನಿವಾರ್ಯ. ನಿಜವಾದ ಕ್ರೌರ್ಯವನ್ನು ಮುಚ್ಚಿಡಬೇಕಾದ್ದೂ ಇಲ್ಲ. ಆದರೆ ಮೊಕದ್ದಮೆ ಗಟ್ಟಿಯಾಗಲೆಂದು ಇಲ್ಲದ್ದನ್ನು ಸೇರಿಸುವವರು ಒಂದನ್ನು ಮರೆಯುತ್ತಾರೆ. ಆ ಅರ್ಜಿಯನ್ನು ಮುಂದೊಂದು ದಿನ ಮಕ್ಕಳು ಓದಬಲ್ಲರು. ಗಂಡಹೆಂಡತಿ ಸಂಬಂಧ ಕಡಿದರೂ ತಾಯಿತಂದೆಯ ಸಂಬಂಧವನ್ನು ಯಾವ ಡಿಕ್ರಿಯೂ ಕಡಿಯದು.

ಕೊನೆಯದು ಹಣದ ಪ್ರಶ್ನೆ. ನಮ್ಮ ಕಡೆ ಇದಕ್ಕೊಂದು ಸಿದ್ಧ ಉತ್ತರವಿದೆ: ‘ತೋಟ ನನ್ನ ತಂದೆಯ ಹೆಸರಿನಲ್ಲಿದೆ.’ ಪಹಣಿಯಲ್ಲಿ ಅದು ನಿಜವೇ ಇರಬಹುದು. ಆದರೆ ಕಾಯಿ ಕೀಳಿಸಿದವನು, ಮಂಡಿಗೆ ಕೊಬ್ಬರಿ ಹಾಕಿ ಹಣ ಎಣಿಸಿಕೊಂಡವನು ಯಾರು? ಇಂಥ ಜಾಣತನಕ್ಕಾಗಿಯೇ ಇರಬೇಕು, ರಜನೀಶ್–ನೇಹಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕೆಂದು ವಿಧಿಸಿತು. ಜೀವನಾಂಶ ಅರ್ಜಿಯ ದಿನದಿಂದಲೇ ಸಲ್ಲಬೇಕೆಂದೂ ಹೇಳಿತು. ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ವಿಚ್ಛೇದನದ ಅರ್ಜಿ ಹಾಕಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯವೆಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಸಲ್ಲುತ್ತದೆ. ಜೀವನಾಂಶ ಭಿಕ್ಷೆಯಲ್ಲ. ತೋಟಕ್ಕೆ ಬುತ್ತಿ ಹೊತ್ತವಳು, ಆಳುಗಳಿಗೆ ಬೇಯಿಸಿ ಹಾಕಿದವಳು ಆ ಫಸಲಿನಲ್ಲಿ ಪಾಲುಗಾರಳು. ಅದನ್ನು ಮರೆಮಾಚುವುದು ಲೆಕ್ಕದ ಚಾಕಚಕ್ಯವಲ್ಲ, ಕಳ್ಳತನ.

ವಿಚ್ಛೇದನ ಒಳ್ಳೆಯದೆಂದು ನಾನು ಹೇಳಲಾರೆ. ಅದು ದುಃಖದ ಸಂಗತಿಯೇ. ಆದರೆ ಕೂಡಿಸುವ ಪ್ರಯತ್ನ ಪ್ರಾಮಾಣಿಕವಾಗಿ ನಡೆದು ಸೋತ ಮೇಲೆ ಉಳಿಯುವ ಕರ್ತವ್ಯ ಮೂರು: ಇದ್ದದ್ದನ್ನು ಇದ್ದಂತೆ ಹೇಳುವುದು, ಕೊಡಬೇಕಾದ್ದನ್ನು ಕೊಡುವುದು, ಇನ್ನೊಬ್ಬರ ಮುಂದಿನ ಬಾಳಿಗೆ ಅಡ್ಡ ನಿಲ್ಲದಿರುವುದು. ಮದುವೆಯ ದಿನ ಧರ್ಮ, ಅರ್ಥ, ಕಾಮಗಳಲ್ಲಿ ಮೀರಿ ನಡೆಯೆನೆಂದು ಅಗ್ನಿಸಾಕ್ಷಿಯಾಗಿ ಮಾತು ಕೊಡುತ್ತೇವೆ. ಸಂಸಾರ ಮುಗಿದರೂ ಆ ಮಾತಿನ ಕೊನೆಯ ಕಂತು ಉಳಿದಿರುತ್ತದೆ. ಅದನ್ನು ಸಲ್ಲಿಸದೆ ಹೊರನಡೆದವನಿಗೆ ನ್ಯಾಯಾಲಯದ ಡಿಕ್ರಿ ಸಿಕ್ಕೀತು, ಬಿಡುಗಡೆ ಸಿಕ್ಕದು.