ಸುಖಾಂತ್ಯದ ಸಾಲ

ರಾತ್ರಿ ಹತ್ತೂವರೆಗೆ ಮನೆಯವರೆಲ್ಲ ಮಲಗುತ್ತಾರೆ. ಅಷ್ಟರಲ್ಲಿ ಅತ್ತೆಗೆ ಮಾತ್ರೆ ಕೊಟ್ಟಾಗಿರುತ್ತದೆ, ಮಗನ ಶಾಲೆಯ ಚೀಲ ತುಂಬಿಸಿಟ್ಟಾಗಿರುತ್ತದೆ, ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟಾಗಿರುತ್ತದೆ. ಆಮೇಲೆ ಅವರು ಅಡುಗೆಮನೆಯ ಮೂಲೆಯಲ್ಲಿ, ಚಾರ್ಜರಿನ ವೈರು ಎಟುಕುವ ಜಾಗದಲ್ಲಿ ಮಣೆ ಹಾಕಿಕೊಂಡು ಕೂತು ಫೋನಿನಲ್ಲಿ ಪ್ರೇಮಕಥೆ ಬರೆಯುತ್ತಾರೆ. ಬಲಗೈಯ ಹೆಬ್ಬೆರಳೊಂದೇ ಅವರ ಲೇಖನಿ. ಒಂದು ಕಂತಿಗೆ ಸುಮಾರು ಸಾವಿರ ಪದ, ವಾರಕ್ಕೆ ಮೂರು ಕಂತು.

ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಊರನ್ನೂ ಹೇಳುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರಲ್ಲಿ ಅವರಿದ್ದಾರೆ ಎಂದಷ್ಟೇ ಹೇಳಬಲ್ಲೆ. ಕನ್ನಡದ ಜನಪ್ರಿಯ ಕಾದಂಬರಿಗಳನ್ನು ಯಾರು, ಯಾವಾಗ, ಹೇಗೆ ಓದುತ್ತಾರೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಅದಕ್ಕಾಗಿ ಎರಡು ವರ್ಷಗಳಿಂದ ಈ ತಾಲ್ಲೂಕುಗಳ ಗ್ರಂಥಾಲಯ, ಕಾಲೇಜು, ಮನೆಗಳನ್ನು ಸುತ್ತುತ್ತಿದ್ದೇನೆ. ಅಡಿಕೆ ಸುಲಿಯುವ ಕಾಲದಲ್ಲಿ ಚನ್ನಗಿರಿ ಕಡೆ ಹೋದರೆ ಯಾರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ. ಜಗಳೂರಿನಲ್ಲಿ ಮಳೆಯ ಮಾತು ಮುಗಿಯದೆ ಪುಸ್ತಕದ ಮಾತು ಶುರುವಾಗುವುದಿಲ್ಲ. ಹೀಗೆ ಓದುಗರನ್ನು ಹುಡುಕಿಕೊಂಡು ಹೊರಟವಳಿಗೆ ಒಬ್ಬ ಬರಹಗಾರ್ತಿ ಸಿಕ್ಕರು. ನಾನು ಕೇಳಬೇಕೆಂದು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವರೇ ನನಗೊಂದು ಪ್ರಶ್ನೆ ಕೇಳಿದರು.

ಅವರ ಕಥೆ ಆಗ ನಲವತ್ತನೇ ಕಂತು ದಾಟಿತ್ತು. ಮನೆ ತುಂಬ ನೆಂಟರಿರುವಾಗ ನಾಯಕ ನಾಯಕಿಯ ಕೆನ್ನೆಗೆ ಹೊಡೆಯುತ್ತಾನೆ. ಅವಳು ಮಾತಿಲ್ಲದೆ ಹೊರಟುಹೋಗುತ್ತಾಳೆ. ಓದುವವರು ಮೊದಲು ಅವಳ ಪರವಾಗಿಯೇ ಇದ್ದರು. ಎರಡು ವಾರ ಕಳೆಯುವುದರೊಳಗೆ ಸಂದೇಶಗಳ ಧಾಟಿ ಬದಲಾಯಿತು. ‘ಯಾವಾಗ ಒಂದು ಮಾಡುತ್ತೀರಿ?’, ‘ಒಂದೇ ಏಟಿಗೆ ಮನೆ ಬಿಡುವುದಾ?’, ‘ಪಾಪ, ಅವನೂ ನರಳುತ್ತಿದ್ದಾನೆ’. ಬರೆದವರಲ್ಲಿ ಹೆಚ್ಚಿನವರು ಹೆಂಗಸರು. ಓದುವವರ ಸಂಖ್ಯೆ ಇಳಿಯತೊಡಗಿತು; ಅದರ ಜೊತೆಗೆ, ಗ್ಯಾಸ್ ಸಿಲಿಂಡರಿಗೂ ಸಾಲದಂತೆ ಬರುತ್ತಿದ್ದ ಹಣವೂ ಇಳಿಯಿತು.

‘ಅವರಿಬ್ಬರನ್ನು ಒಂದು ಮಾಡಿದರೆ ಸುಳ್ಳು ಹೇಳಿದ ಹಾಗೆ. ಮಾಡದಿದ್ದರೆ ಇಷ್ಟು ದಿನ ನಂಬಿ ಓದಿದವರಿಗೆ ಮೋಸ ಮಾಡಿದ ಹಾಗೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು?’ ಎಂದು ಕೇಳಿದರು.

ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ನಿಮಗೆ ಸರಿ ಎನಿಸಿದ್ದನ್ನು ಬರೆಯಿರಿ, ಬರಹಗಾರರು ಸ್ವತಂತ್ರರು, ಓದುಗರ ಒತ್ತಾಯಕ್ಕೆ ಮಣಿಯಬೇಕಿಲ್ಲ ಎಂದೆ. ಅವರು ನಕ್ಕರು. ‘ನಿಮಗೆ ತಿಂಗಳು ತಿಂಗಳು ದುಡ್ಡು ಬರುತ್ತದಲ್ಲ?’ ಎಂದರು.

ಬರುತ್ತದೆ. ಯುಜಿಸಿಯ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ನನ್ನ ಮಹಾಪ್ರಬಂಧವನ್ನು ಮಾರ್ಗದರ್ಶಕರು ಮತ್ತು ಪರೀಕ್ಷಕರು ಓದಿದರೆ ಸಾಕು, ಉಳಿದ ಯಾರೂ ಓದದಿದ್ದರೂ ಹಣ ನಿಲ್ಲುವುದಿಲ್ಲ. ಓದುಗರಿಗೆ ಮಣಿಯಬೇಡಿ ಎಂದು ಅವರಿಗೆ ಹೇಳುವ ಸ್ವಾತಂತ್ರ್ಯವನ್ನು ನನಗೆ ಬೇರೆ ಯಾರೋ ಕೊಂಡುಕೊಟ್ಟಿದ್ದಾರೆ. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ, ಸ್ವತಂತ್ರ ಬರಹಗಾರರು ಎಂದು ನಾವು ಯಾರನ್ನು ಕರೆಯುತ್ತೇವೆ ಎಂದು ಯೋಚಿಸಿದೆ.

ಕನ್ನಡದಲ್ಲಿ ಇಂಥವರ ಸಾಲು ದೊಡ್ಡದು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ನಂಜನಗೂಡಿನ ತಿರುಮಲಾಂಬಾ, ಬಾಲ್ಯದಲ್ಲೇ ವಿಧವೆಯಾದವರು, 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರು. ಅ.ನ.ಕೃ. ಬರವಣಿಗೆಯನ್ನೇ ನೆಚ್ಚಿ ಬದುಕು ಸಾಗಿಸಿದರು, ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಈಗ, 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ವೇದಿಕೆಗಳು ಬಂದ ಮೇಲೆ, ಮುದ್ರಕರನ್ನೂ ಪ್ರಕಾಶಕರನ್ನೂ ಕಾಣದೆಯೇ ಕಾದಂಬರಿಕಾರರಾದವರು ಅನೇಕರಿದ್ದಾರೆ. ಇವರೆಲ್ಲ ಒಬ್ಬ ಯಜಮಾನನಿಂದ ಬಿಡಿಸಿಕೊಂಡವರು ನಿಜ. ಆದರೆ ಋಣದಿಂದ ಬಿಡಿಸಿಕೊಂಡವರಲ್ಲ. ಪುಸ್ತಕದ ಗಂಟು ಹೊತ್ತು ಮನೆಯ ಬಾಗಿಲಿಗೆ ಬಂದವನು, ಬಾಗಿಲು ತೆರೆದವರಿಗೆ ಏನೋ ಒಂದನ್ನು ಕೊಡಲೇಬೇಕು. ಸ್ವತಂತ್ರವಾಗಿ ಬರೆಯುವುದು ಎಂದರೆ ಯಾರಿಗೆ ಋಣಿಯಾಗಿರಬೇಕು ಎಂಬುದನ್ನು ತಾನೇ ಆರಿಸಿಕೊಳ್ಳುವುದು, ಅಷ್ಟೇ.

ಹಾಗಾದರೆ ಪ್ರೇಮಕಥೆ ಬರೆಯುವವರು ಓದುಗರಿಗೆ ಕೊಡಬೇಕಾದದ್ದು ಏನು?

ನಮ್ಮ ವಿಭಾಗದ ಸೆಮಿನಾರುಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಓದುಗರ ಮುಖ ನೋಡಿ ಬರೆದದ್ದು ಸಾಹಿತ್ಯವಲ್ಲ ಎಂದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಹೆಂಗಸರು ಬರೆದದ್ದಾದರೆ ‘ಅಡುಗೆಮನೆ ಸಾಹಿತ್ಯ’ ಎಂಬ ಹಳೆಯ ಮಾತೂ ಇದೆ. ನಾನೂ ಸುಖಾಂತ್ಯವನ್ನು ಒಂದು ಬಗೆಯ ಲಂಚ ಎಂದೇ ಭಾವಿಸಿದ್ದೆ. ಅದನ್ನು ಬದಲಿಸಿದ್ದು ನ್ಯಾಮತಿಯಲ್ಲಿ ಸಿಕ್ಕ ಒಬ್ಬ ಓದುಗಳು. ಒಂದೇ ಥರದ ಕಥೆಗಳನ್ನು ಯಾಕೆ ಓದುತ್ತೀರಿ ಎಂದು ಕೇಳಿದ್ದಕ್ಕೆ ಆಕೆ ಹೇಳಿದಳು: ‘ನನ್ನ ಇಡೀ ದಿನದಲ್ಲಿ ಹೇಗೆ ಮುಗಿಯುತ್ತದೆ ಅಂತ ಗೊತ್ತಿರೋದು ಇದೊಂದೇ.’

ಇದನ್ನು ಕೇಳಿದ ಮೇಲೆ ಸುಖಾಂತ್ಯವನ್ನು ಲಂಚ ಎನ್ನುವುದು ಕಷ್ಟ. ಅದು ಕೊಟ್ಟ ಮಾತು. ದುಡಿದು ದಣಿದವರು ಆ ಮಾತನ್ನು ನಂಬಿ ತಮ್ಮ ಅರ್ಧ ಗಂಟೆಯನ್ನು ಕೊಟ್ಟಿರುತ್ತಾರೆ. ಬದುಕು ಹಾಗಿರುವುದಿಲ್ಲ ಎಂದು ಅವರಿಗೆ ಪಾಠ ಹೇಳುವ ಅಗತ್ಯವಿಲ್ಲ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಐವತ್ತು ಕಂತು ನಂಬಿಸಿ, ಕೊನೆಯಲ್ಲಿ ತಾನು ಗಂಭೀರ ಲೇಖಕಿ ಎಂದು ತೋರಿಸಲು ಆ ಮಾತು ಮುರಿಯುವುದರಲ್ಲಿ ದೊಡ್ಡತನವೇನೂ ಇಲ್ಲ.

ಆದರೆ ಕೊಟ್ಟ ಮಾತು ನಿಜಕ್ಕೂ ಯಾವುದು? ನಾಯಕಿಯ ಬದುಕು ಹಸನಾಗುತ್ತದೆ ಎಂಬುದೇ, ಅಥವಾ ಹೊಡೆದವನು ಅವಳಿಗೆ ಮತ್ತೆ ಸಿಗುತ್ತಾನೆ ಎಂಬುದೇ? ಎರಡೂ ಒಂದೇ ಎಂದು ನಾವು ಸುಲಭವಾಗಿ ಅಂದುಕೊಂಡುಬಿಡುತ್ತೇವೆ. ತ್ರಿವೇಣಿಯವರು ಹಾಗೆ ಅಂದುಕೊಳ್ಳಲಿಲ್ಲ. ‘ಬೆಳ್ಳಿಮೋಡ’ದ ಇಂದಿರಾಳನ್ನು ನೆನೆಯಿರಿ. ಅವಳಿಗೆ ತಮ್ಮ ಹುಟ್ಟಿ, ಆಸ್ತಿ ಅವಳೊಬ್ಬಳದೇ ಅಲ್ಲ ಎಂದಾದ ಮೇಲೆ ಮೋಹನ ನಿಶ್ಚಯವಾಗಿದ್ದ ಮದುವೆಯನ್ನು ಮುರಿಯುತ್ತಾನೆ. ಮುಂದೆ ಅವನು ಗಾಯಗೊಂಡು ಬಿದ್ದಾಗ ಆರೈಕೆ ಮಾಡುವವಳು ಅವಳೇ. ಆದರೆ ಅವನು ಮನಸ್ಸು ಬದಲಿಸಿಕೊಂಡು ಕೈ ಚಾಚಿದಾಗ ಅವಳು ಒಲ್ಲೆ ಎನ್ನುತ್ತಾಳೆ. ಇದು ಓದುಗರು ಕೈಬಿಟ್ಟ ಕಥೆಯಲ್ಲ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಅದನ್ನು ಸಿನಿಮಾ ಮಾಡಿದರು, ಜನ ನೋಡಿದರು, ಈಗಲೂ ನೆನೆಯುತ್ತಾರೆ. ಅದನ್ನು ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲಿ, 34ನೇ ವಯಸ್ಸಿನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು.

ಮುಂದಿನ ಭೇಟಿಯಲ್ಲಿ ಈ ಉದಾಹರಣೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಅವರ ಮುಂದಿಟ್ಟೆ. ಅವರು ‘ಬೆಳ್ಳಿಮೋಡ’ ಓದಿದ್ದರು. ‘ಪುಸ್ತಕ ಅಚ್ಚಾಗಿ ಬಂದಮೇಲೆ ಓದಿದವರು ಬೈದರೂ ಇಂದಿರಾ ಬದಲಾಗೋದಿಲ್ಲ. ನನ್ನ ನಾಯಕಿ ನಾಳೆ ಏನು ಮಾಡಬೇಕು ಅಂತ ಇವತ್ತೇ ಹೇಳುವವರಿದ್ದಾರೆ’ ಎಂದರು. ನಿಜ. ವಾರಕ್ಕೆ ಮೂರು ಕಂತು ಬರೆಯುವವರಿಗೆ ನೈತಿಕ ಪ್ರಶ್ನೆ ಆರಾಮಕುರ್ಚಿಯಲ್ಲಿ ಎದುರಾಗುವುದಿಲ್ಲ. ಅದು ರಾತ್ರಿ ಹನ್ನೊಂದೂವರೆಗೆ, ಕಣ್ಣು ಎಳೆಯುತ್ತಿರುವಾಗ, ಇನ್ನೂ ಮುನ್ನೂರು ಪದ ಬಾಕಿ ಇರುವಾಗ ಬರುತ್ತದೆ.

ಆದ್ದರಿಂದ ಅವರು ಒಂದು ಅಭ್ಯಾಸ ಮಾಡಿಕೊಂಡಿದ್ದಾರೆ. ಹೊಸ ಕಥೆಯ ಮೊದಲ ಕಂತು ಹಾಕುವ ಮುಂಚೆ, ಮಗನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಕೊನೆಯ ಅಧ್ಯಾಯವನ್ನು ಬರೆದಿಟ್ಟುಬಿಡುತ್ತಾರೆ. ಯಾರು ಏನು ಹೇಳಿದರೂ ದಾರಿ ಬದಲಾಗಬಹುದು, ಸೇರುವ ಊರು ಬದಲಾಗಬಾರದು ಎಂಬುದು ಅವರ ನಿಯಮ. ಸಮಸ್ಯೆ ಈ ಸಲ ಅಲ್ಲೇ ಇತ್ತು. ನೋಟ್‌ಬುಕ್ಕಿನಲ್ಲಿ ಇಬ್ಬರೂ ಒಂದಾಗಿದ್ದರು. ಆ ಪುಟ ಬರೆದಾಗ ಅವನು ಹೊಡೆಯುತ್ತಾನೆ ಎಂದು ಅವರಿಗೇ ಗೊತ್ತಿರಲಿಲ್ಲ. ಕಥೆ ತಾನಾಗಿ ಅಲ್ಲಿಗೆ ಹೋಯಿತು. ಓದುಗರಿಂದ ತನ್ನನ್ನು ಕಾಯಲೆಂದು ಬರೆದಿಟ್ಟದ್ದು ಈಗ ಓದುಗರ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ಕೊನೆಗೆ ಅವರು ಮಾಡಿದ್ದು ಹೀಗೆ. ಒಂದಾಗಿಸಿದರು, ಆದರೆ ಹದಿನಾಲ್ಕು ಕಂತು ತಡೆದು. ಅಷ್ಟರಲ್ಲಿ ನಾಯಕಿ ಒಂದು ಟೈಲರಿಂಗ್ ಅಂಗಡಿಗೆ ಕೆಲಸಕ್ಕೆ ಸೇರುತ್ತಾಳೆ. ನಾಯಕ ಹೂವು, ಸೀರೆ ಹಿಡಿದು ಬಂದಾಗ ಬಾಗಿಲು ತೆರೆಯುವುದಿಲ್ಲ. ಯಾರ ಮುಂದೆ ಹೊಡೆದಿದ್ದನೋ ಅದೇ ನೆಂಟರ ಮುಂದೆ ಅವನು ತಪ್ಪು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೂ ಅವಳು ಹಳೆಯ ಮನೆಗೆ ಹೋಗುವುದಿಲ್ಲ, ಅವನೇ ಇವಳಿರುವಲ್ಲಿಗೆ ಬರುತ್ತಾನೆ. ಕೊನೆಯ ಕಂತಿನಲ್ಲಿ ಬಾಡಿಗೆ ಕರಾರು ಅವಳ ಹೆಸರಿನಲ್ಲಿದೆ. ಕೆಲವರು ನಡುವೆಯೇ ಓದುವುದು ಬಿಟ್ಟರು. ಮುಗಿದ ಮೇಲೆ ಒಬ್ಬಾಕೆ, ‘ಕರಾರು ಪತ್ರಕ್ಕೆ ಎಷ್ಟು ಖರ್ಚಾಗುತ್ತದೆ?’ ಎಂದು ಸಂದೇಶ ಕಳಿಸಿದ್ದಳಂತೆ.

ನಾನಾಗಿದ್ದರೆ ಒಂದಾಗಿಸುತ್ತಿರಲಿಲ್ಲ. ಈಗಲೂ ಹಾಗೆಯೇ ಅನ್ನಿಸುತ್ತದೆ. ಒಮ್ಮೆ ಎತ್ತಿದ ಕೈ ಕ್ಷಮೆ ಕೇಳಿದ ಮಾತ್ರಕ್ಕೆ ಸುಮ್ಮನಾಗುತ್ತದೆ ಎಂದು ನಂಬುವುದು ನನಗೆ ಕಷ್ಟ. ಅವರಿಗೂ ಇದನ್ನು ಹೇಳಿದೆ, ಅವರು ವಾದಿಸಲಿಲ್ಲ. ಆದರೆ ನನ್ನ ಈ ಅಭಿಪ್ರಾಯಕ್ಕೆ ನಾನು ಯಾವ ಬೆಲೆಯನ್ನೂ ತೆರಬೇಕಿಲ್ಲ. ಅವರ ಹದಿನಾಲ್ಕು ಕಂತುಗಳಿಗೆ ಬೆಲೆ ಇತ್ತು: ಕಳೆದುಕೊಂಡ ಓದುಗರು, ಕಡಿಮೆಯಾದ ಹಣ, ಹದಿನಾಲ್ಕು ರಾತ್ರಿಗಳ ನಿದ್ದೆ. ಸುಖಾಂತ್ಯ ಓದುಗರಿಗೆ ಸಲ್ಲಬೇಕಾದ ಸಾಲ ಎಂದಾದರೆ, ಅವರು ಅದನ್ನು ತೀರಿಸಿದರು. ಆದರೆ ಏಟು ನಡೆದೇ ಇಲ್ಲ ಎಂಬಂತೆ ಬರೆದು ತೀರಿಸಲಿಲ್ಲ. ಅಲ್ಲಿಗೆ ಹೋಗುವ ದಾರಿಯನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು.

ಇನ್ನು ಉಳಿದದ್ದು ನನ್ನ ಋಣ. ಅವರ ರಾತ್ರಿಗಳು ನನ್ನ ಪ್ರಬಂಧದ ಒಂದು ಅಧ್ಯಾಯವಾಗಿವೆ. ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕುತ್ತೇನೆ ಎಂದರೆ ಬೇಡ ಎಂದರು. ಆದ್ದರಿಂದ ಆ ಅಧ್ಯಾಯವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ, ಬೇಡವಾದದ್ದನ್ನು ಹೊಡೆದುಹಾಕಿ ಎಂದು ಪೆನ್ನು ಕೊಟ್ಟೆ. ಅಡುಗೆಮನೆಯ ಮೂಲೆ, ಚಾರ್ಜರಿನ ವೈರು, ಇಳಿದ ಹಣ, ಎಲ್ಲವನ್ನೂ ಹಾಗೇ ಬಿಟ್ಟರು. ಒಂದೇ ಒಂದು ಕಡೆ ಗೆರೆ ಎಳೆದರು. ಅವರು ‘ಬಿಡುವಿನ ವೇಳೆಯಲ್ಲಿ’ ಬರೆಯುತ್ತಾರೆ ಎಂದು ನಾನು ಬರೆದಿದ್ದೆ.

‘ಬಿಡುವು ಎಲ್ಲಿತ್ತು?’ ಎಂದು ಕೇಳಿ, ಪೆನ್ನು ವಾಪಸು ಕೊಟ್ಟರು.