ನಿಮ್ಮ ಹೊಲದ ನೀರು ಎಲ್ಲಿಗೆ ಹೋಗುತ್ತದೆ?

ಎಳ್ಳ ಅಮಾವಾಸ್ಯೆ ಹತ್ತಿರ ಬಂತು, ಮಳೆ ಇನ್ನೂ ಬೆನ್ನು ಬಿಟ್ಟಿಲ್ಲ. ಸ್ವಾತಿ, ವಿಶಾಖ ಹದವಾಗಿ ಸುರಿದರೆ ಕಡಲೆಗೂ ಬಿಳಿಜೋಳಕ್ಕೂ ಅಮೃತ. ಅನುರಾಧ ದಾಟಿದ ಮೇಲೂ ಮೋಡ ಕವಿದುಕೊಂಡೇ ಇದ್ದರೆ ಕೆಂಪೇರಿದ ಮೆಣಸಿನಕಾಯಿಗೂ ಹಿತ್ತಲ ಕಾಯಿಪಲ್ಲೆಗೂ ಅದೇ ಮಳೆ ಕೇಡು. 2021ರ ನವೆಂಬರ್ ನಿಮಗೆಲ್ಲ ನೆನಪಿದೆ. ಕಟಾವಿಗೆ ಬಂದ ಭತ್ತ ನೀರಲ್ಲಿ ಮಲಗಿತು, ಮೆಣಸಿನಕಾಯಿ ಗಿಡದಲ್ಲೇ ಕೊಳೆಯಿತು. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಸುಕ್ಕು ಸುಕ್ಕಾದ ಡಬ್ಬಿ ಕಾಯಿ ಒಮ್ಮೆ ಬಿಳಿಚಿಕೊಂಡರೆ ಎಷ್ಟು ಬಿಸಿಲಿಗೆ ಹಾಕಿದರೂ ಮತ್ತೆ ಕೆಂಪಾಗುವುದಿಲ್ಲ.

ಇಂಥ ಹೊತ್ತಿನಲ್ಲಿ ‘ದೇವರು ಯಾಕೆ ಹೀಗೆ ಮಾಡಿದ’ ಎಂದು ಕೇಳುವವರಿದ್ದಾರೆ. ದುಡಿದು ದಣಿದವರ ಪ್ರಶ್ನೆ ಅದು, ಅದನ್ನು ಕೇಳುವ ಹಕ್ಕು ಅವರಿಗಿದೆ. ನಾನು ಇಂದು ಕೇಳಬೇಕೆಂದಿರುವುದು ಬೇರೆ. ನಿಮ್ಮ ಹೊಲದಲ್ಲಿ ಬಿದ್ದ ಮಳೆ, ಬಿದ್ದ ಮೇಲೆ ಎಲ್ಲಿಗೆ ಹೋಯಿತು?

ಎರೆಹೊಲದಲ್ಲಿ ಮೂರು ದಿನ ಜಿಟಿಜಿಟಿ ಹಿಡಿದ ಮೇಲೆ ಒಂದು ಬದನೆ ಮಡಿಯನ್ನು ಹತ್ತಿರದಿಂದ ನೋಡಿ. ಸಾಲಿನ ನಡುವೆ ನೀರು ನಿಂತಿರುತ್ತದೆ, ಗಿಡ ಮಾತ್ರ ನೀರು ಕಾಣದ ಹಾಗೆ ತಲೆ ಬಾಗಿಸಿರುತ್ತದೆ. ಹೊಸಬರು ಇದನ್ನು ಕಂಡು ಬೆರಗಾಗುತ್ತಾರೆ. ಮಣ್ಣಿನ ಸಂದಿಯಲ್ಲಿದ್ದ ಗಾಳಿಯನ್ನೆಲ್ಲ ನೀರು ಹೊರಗೆ ಹಾಕಿದೆ, ಬೇರು ಉಸಿರಾಡಲಾರದು, ಉಸಿರಾಡದ ಬೇರು ನೀರನ್ನೂ ಎಳೆಯಲಾರದು. ಆಗ ಮಡಿಯೊಳಗೆ ಕಾಲಿಡಬಾರದು. ಹಸಿ ಎರೆಮಣ್ಣು ತುಳಿದಷ್ಟೂ ಬಿಗಿಯುತ್ತದೆ, ಒಣಗಿದ ಮೇಲೆ ಕಲ್ಲಾಗುತ್ತದೆ. ಬದುವಿನ ಮೇಲೆ ನಿಂತು ಗುದ್ದಲಿಯಿಂದ ತಗ್ಗಿನ ಮೂಲೆಯನ್ನು ಬಿಡಿಸಿ, ಬಸಿಗಾಲುವೆ ತೆಗೆದು, ನೀರಿಗೆ ದಾರಿ ಮಾಡಿಕೊಟ್ಟು ಹದ ಬರುವವರೆಗೆ ಕಾಯಬೇಕು. ಎಡೆ ಹೊಡೆಯುವುದು, ಗೊಬ್ಬರ ಹಾಕುವುದು ಎಲ್ಲ ಆಮೇಲೆ. ಹೀಗೆ ಕಾಯುವುದೂ ಕಾಯಕವೇ, ಅದಕ್ಕೆ ಕೈಗಿಂತ ಮನಸ್ಸು ಗಟ್ಟಿ ಬೇಕು.

ಧರ್ಮದ ಮಾತು ಶುರುವಾಗುವುದು ಆ ಕಾಲುವೆಯ ಬಾಯಿ ಎಲ್ಲಿ ತೆರೆಯುತ್ತದೆ ಎಂಬಲ್ಲಿ. ನಿಮ್ಮ ಮಡಿ ಬಸಿಯಿತು, ಗಿಡ ತಲೆ ಎತ್ತಿತು. ಕೆಳಗಿನ ಹೊಲದ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಮುಳುಗಿದವು. ಆ ಕೆಳಗಿನ ಹೊಲ ಯಾರದು? ಎಷ್ಟೋ ಕಡೆ ಒಡಹುಟ್ಟಿದವರದೇ. ಹಿರಿಯರ ಆಸ್ತಿ ಪಾಲಾದಾಗ ದಿಬ್ಬದ ತುಂಡು ಒಬ್ಬನಿಗೆ, ತಗ್ಗಿನ ತುಂಡು ಇನ್ನೊಬ್ಬನಿಗೆ ಬಂತು. ಅಂದಿನಿಂದ ಮಳೆ ಬಂದಾಗಲೆಲ್ಲ ಬದುವಿನ ಮೇಲೆ ಜಗಳ. ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ಅಣ್ಣತಮ್ಮಂದಿರು ಒಂದು ಮೊಳ ಕಾಲುವೆಯ ಸಲುವಾಗಿ ಮಾತು ಬಿಟ್ಟಿದ್ದಾರೆ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದೆ ಉಳಿದಿದ್ದಾರೆ! ಅದನ್ನು ನೆನೆದರೆ ಕರುಳು ಚುರುಕ್ ಎನ್ನುತ್ತದೆ.

ಹರಿದು ಹೋಗುವುದು ಬರೀ ನೀರಲ್ಲ. ಟೊಮೆಟೊ, ಬದನೆಗೆ ಬರುವ ಸೊರಗು ರೋಗ ಮಣ್ಣಿನಲ್ಲಿದ್ದು ನೀರಿನ ಜೊತೆ ಸಾಗುತ್ತದೆ. ಸೊರಗಿದ ಗಿಡ ಕಿತ್ತು ಕಾಲುವೆಗೆ ಒಗೆದವನು ತನ್ನ ರೋಗವನ್ನು ನೆರೆಯವನ ಬಾಗಿಲಿಗೆ ಕಳಿಸಿದಂತೆಯೇ. ಕಿತ್ತದ್ದನ್ನು ಹೊಲದಾಚೆ ಒಯ್ದು, ಒಣಗಿಸಿ ಸುಡಿ. ಮಸಿ ಹಿಡಿದ ಮೆಣಸಿನಕಾಯಿಯನ್ನು ಚೀಲದ ನಡುವೆ ತುಂಬಿ, ಮೇಲೂ ಕೆಳಗೂ ಕೆಂಪು ಕಾಯಿ ಇಟ್ಟು ಸೋಮವಾರ, ಗುರುವಾರದ ಬ್ಯಾಡಗಿ ಪೇಟೆಗೆ ಒಯ್ಯುವುದೂ ಇದೇ ಕೆಲಸ. ನಮಗೆ ಬಂದ ಕೇಡನ್ನು ಕಣ್ಣು ತಪ್ಪಿಸಿ ಇನ್ನೊಬ್ಬರಿಗೆ ದಾಟಿಸುವುದು. ತೂಕದಲ್ಲಿ ಕೈಚಳಕ ತೋರಿಸುವ ವ್ಯಾಪಾರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ರಾಣೆಬೆನ್ನೂರಿನ ಕಡೆಯ ತಾಯಂದಿರನ್ನು ಇಲ್ಲಿ ನೆನೆಯಲೇಬೇಕು. ತರಕಾರಿ ಬೀಜದ ಹೊಲಗಳಲ್ಲಿ ಸಂಜೆ ಮೊಗ್ಗು ಬಿಡಿಸಿ ಗಂಡುಭಾಗ ತೆಗೆದು, ಮರುದಿನ ಬೆಳಗ್ಗೆ ಒಂದೊಂದು ಹೂವಿಗೂ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಅವರದು. ಮಳೆ ಹಿಡಿದರೆ ಹೂವು ತೋಯುತ್ತದೆ, ಕೆಲಸ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ಅವರಿಗೆ ಬಸಿಯಲು ಹೊಲವೇ ಇಲ್ಲ. ಮೇಲಿನವರ ಕಷ್ಟವೆಲ್ಲ ಹರಿದು ಬಂದು ನಿಲ್ಲುವುದು ಅವರ ಅಡುಗೆಮನೆಯಲ್ಲಿ. ಕೆಲಸ ನಿಂತ ವಾರ ಅವರ ಕೈಗೆ ಒಂದಿಷ್ಟು ಮುಂಗಡ, ಉಡಿಗೆ ಒಂದಿಷ್ಟು ಜೋಳ ಹಾಕುವುದು ದಾಸೋಹ. ಅದಕ್ಕೆ ಪಂಕ್ತಿ ಹಾಕಿ ಬಡಿಸಬೇಕೆಂದೇನೂ ಇಲ್ಲ.

ಚೌಡದಾನಪುರದ ತುಂಗಭದ್ರೆಯ ದಡದೊಂದಿಗೆ ಅಂಬಿಗರ ಚೌಡಯ್ಯನವರ ಹೆಸರು ಬೆಸೆದುಕೊಂಡಿದೆ. ಜನರನ್ನು ಆಚೆ ದಡಕ್ಕೆ ಮುಟ್ಟಿಸುವುದೇ ಆ ಶರಣರ ಕಾಯಕ. ನಮ್ಮ ಕುಮುದ್ವತಿ ಸೇರುವುದು ಅದೇ ಹೊಳೆಗೆ, ವರದೆ ಗಳಗನಾಥದಲ್ಲಿ ಕೂಡುವುದೂ ಅದಕ್ಕೇ. ಯಾರ ಹೊಲದ ನೀರಾದರೂ ಕೊನೆಗೆ ಅಲ್ಲಿಗೇ ಹೋಗಬೇಕು, ನಡುವೆ ಒಬ್ಬರ ಮಡಿಯನ್ನು ಮುಳುಗಿಸದೆ ಹೋಗಲು ದಾರಿ ಬೇಕು. ಹಿಂದೆ ಆ ದಾರಿ ಇತ್ತು. ಹೊಲಗಳ ನಡುವೆ ಸಣ್ಣ ಹಳ್ಳಗಳಿದ್ದವು. ಜೆಸಿಬಿ ತಂದು ಅವನ್ನು ಮುಚ್ಚಿ ಎರಡು ಸಾಲು ಹೆಚ್ಚು ಬಿತ್ತಿದೆವು. ಬೆಳೆಯ ಮಾತೂ ಹಾಗೆಯೇ. ಹಿರಿಯರು ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಇಟ್ಟು, ಒಂದನ್ನು ಮಳೆ ಕೆಡಿಸಿದರೂ ಇನ್ನೊಂದು ಕೈಗೆ ಬರುವಂತೆ ನೋಡಿಕೊಳ್ಳುತ್ತಿದ್ದರು. ಎಲ್ಲವನ್ನೂ ಒಂದೇ ಬೆಳೆಯ ಮೇಲೆ ಹಾಕಿದವನಿಗೆ ನೆರೆಯವನ ಮುಖ ನೋಡುವ ವ್ಯವಧಾನವಾದರೂ ಎಲ್ಲಿಂದ ಬರಬೇಕು?

ಎಳ್ಳ ಅಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೀರಿ, ಸಜ್ಜಿ ರೊಟ್ಟಿ, ಬದನೆ ಎಣ್ಣೆಗಾಯಿ ಎಡೆಯಿಟ್ಟು ಚರಗ ಚೆಲ್ಲುತ್ತಾ ಸುತ್ತ ನಡೆಯುತ್ತೀರಿ. ಈ ಸಲ ತಗ್ಗಿನ ಮೂಲೆಗೆ ಬಂದಾಗ ಸ್ವಲ್ಪ ನಿಲ್ಲಿ. ಕೆಳಗಿನ ಹೊಲದವರನ್ನು ಕೂಗಿ ಕರೆಯಿರಿ. ‘ತಮ್ಮಾ, ಊಟಕ್ಕ ಬಾ’ ಎನ್ನುವುದು ಅಣ್ಣನಾದವನ ಕೆಲಸ, ಮೇಲಿನ ಹೊಲದವನ ಕೆಲಸ. ಉಂಡ ಮೇಲೆ ಇಬ್ಬರೂ ಕೂಡಿ ಕಾಲುವೆಯ ಗುಂಟ ಹಳ್ಳದವರೆಗೆ ನಡೆದು, ಎಲ್ಲಿ ಹೂಳು ತುಂಬಿದೆ, ಎಲ್ಲಿ ಮುಚ್ಚಿದೆ ನೋಡಿಕೊಂಡು ಬನ್ನಿ. ಕೆಳಗಿನವರು ಮೊದಲು ಮಾತಾಡಲಿ, ಮೇಲಿನವರು ಕೇಳಲಿ. ಹಳ್ಳ ಬಿಡಿಸುವ ದಿನ ಗೊತ್ತು ಮಾಡಿ ತಿಳಿಸಿ, ನಾನೂ ಗುದ್ದಲಿ ತರುತ್ತೇನೆ.