ಉತಾರದಾಗ ಇಲ್ಲದ ಅಕ್ಕ

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಂದು ಪರಿಹಾರದ ದರ ಗೊತ್ತುಮಾಡಿತು. ಆಲಮಟ್ಟಿ ಜಲಾಶಯದ ನೀರು 519.6 ಮೀಟರಿನಿಂದ 524.256 ಮೀಟರಿಗೆ ಏರಿದರೆ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ. ಅದರಲ್ಲಿ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣಬೇಸಾಯದ ಹೊಲಕ್ಕೆ 30 ಲಕ್ಷ ರೂಪಾಯಿ. ಆವತ್ತಿನಿಂದ ಜಮಖಂಡಿ, ಬೀಳಗಿ, ಮುಧೋಳ ಕಡೆಯ ಚಹಾದಂಗಡಿಗಳಲ್ಲಿ ಬೇರೆ ಮಾತೇ ಕಡಿಮೆ. ರೊಕ್ಕ ಕೈಸೇರುವ ಮೊದಲೇ ಅದನ್ನು ಎಲ್ಲಿ ಹಾಕಬೇಕೆಂಬ ಲೆಕ್ಕ ಶುರುವಾಗಿದೆ. ಹೊಳೆದಂಡೆಯ ಊರವರು ಎತ್ತರದ ಸೀಮೆಯತ್ತ, ಅಂದರೆ ನಮ್ಮ ಸಾವಳಗಿಯಂಥ ಕಡೆಗೆ ನೋಡುತ್ತಿದ್ದಾರೆ. ಪುಣೆ, ಬೆಂಗಳೂರುಗಳಲ್ಲಿ ನೌಕರಿ ಮಾಡುವ ಹುಡುಗರೂ ನೋಡುತ್ತಿದ್ದಾರೆ. ನಿವೃತ್ತಿ ಸಮೀಪಿಸಿದ ಮಾಸ್ತರುಗಳಂತೂ ಪ್ಲಾಟಿನ ಮಾತಿಲ್ಲದೆ ಕಪ್ಪು ಕೆಳಗಿಡುವುದಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: ಭೂಮಿಯ ಈ ವ್ಯವಹಾರ ಕಲಿಯುವುದು ಹೇಗೆ, ಯಾರ ಪರಿಚಯ ಹಿಡಿಯಬೇಕು?

ಈ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಹಳೆಯ ಗಾದೆಯೊಂದು ನೆನಪಾಗುತ್ತದೆ. ದೇಶ ಸುತ್ತು, ಕೋಶ ಓದು.

ಇದನ್ನು ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಸವೆಸಿ ಹಾಕಿದ್ದೇವೆ. ಅಲ್ಲಿ ಒಬ್ಬ ಹುಡುಗ ಓದೇ ದೊಡ್ಡದೆನ್ನುತ್ತಾನೆ, ಇನ್ನೊಬ್ಬ ತಿರುಗಾಟವೇ ದೊಡ್ಡದೆನ್ನುತ್ತಾನೆ, ಗಂಟೆ ಹೊಡೆಯುತ್ತದೆ, ಬಹುಮಾನ ಕೊಟ್ಟು ಕಳಿಸುತ್ತಾರೆ. ಇನ್ನು ಕೆಲವರು ನಡುವೆ ಒಂದು 'ಇಲ್ಲಾ' ಸೇರಿಸುತ್ತಾರೆ: ದೇಶ ಸುತ್ತಬೇಕು, ಇಲ್ಲಾ ಕೋಶ ಓದಬೇಕು. ಎರಡರಲ್ಲಿ ಒಂದು ಸಾಕೆಂದು ಅರ್ಥ. ಇದು ಮೈಗಳ್ಳರಿಗೆ ಬಲು ಅನುಕೂಲದ ಅರ್ಥ. ಪ್ರವಾಸದ ಬಸ್ಸಿನವರು ಗಾದೆಯ ಮೊದಲರ್ಧವನ್ನಷ್ಟೇ ಹಿಂದಿನ ಗಾಜಿನ ಮೇಲೆ ಬರೆಸಿಕೊಳ್ಳುತ್ತಾರೆ. ಅವರ ಹೊಟ್ಟೆಪಾಡು, ಅದಕ್ಕೆ ನನ್ನ ತಕರಾರಿಲ್ಲ.

ನನ್ನ ಮಟ್ಟಿಗೆ ಗಾದೆ ಇಬ್ಬರು ಸಾಕ್ಷಿದಾರರ ಹೆಸರು ಹೇಳುತ್ತಿದೆ. ಕಾಗದ ಒಬ್ಬ, ಊರು ಇನ್ನೊಬ್ಬ. ಒಬ್ಬನ ಮಾತನ್ನು ಇನ್ನೊಬ್ಬನ ಮಾತಿನ ಮೇಲೆ ಇಟ್ಟು ನೋಡಬೇಕು. ಎರಡೂ ಹೊಂದಿದರೆ ನಂಬಬೇಕು, ಹೊಂದದಿದ್ದರೆ ಎಲ್ಲಿ ಹೊಂದುವುದಿಲ್ಲವೋ ಅಲ್ಲಿಯೇ ಕೂತು ವಿಚಾರಿಸಬೇಕು. ವಿದ್ಯೆ ಅಂದರೆ ಆ ಹೊಂದದ ಜಾಗವೇ. ಒಬ್ಬನೇ ಸಾಕ್ಷಿಯನ್ನು ಕೇಳಿ ತೀರ್ಪು ಕೊಡುವವನು ಮೋಸ ಹೋಗುತ್ತಾನೆ. ಭೂಮಿಯ ವ್ಯವಹಾರದಲ್ಲಿ ಇದು ಕಾಣುವಷ್ಟು ಢಾಳಾಗಿ ಬೇರೆಲ್ಲೂ ಕಾಣುವುದಿಲ್ಲ.

ಮೊದಲು ಕಾಗದದ ಮಾತು. ಒಂದು ಕಾಲಕ್ಕೆ ಉತಾರ, ಅಂದರೆ ಪಹಣಿ, ನೋಡಬೇಕೆಂದರೆ ತಲಾಠಿಯ ಮನೆಯ ಕಟ್ಟೆಯ ಮೇಲೆ ಕಾಯಬೇಕಿತ್ತು. ಆತ ಸಂತೆಗೆ ಹೋಗಿದ್ದರೆ ದಫ್ತರವೂ ಸಂತೆಗೆ ಹೋದಂತೆ. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ಉತಾರ ಕಂಪ್ಯೂಟರಿನೊಳಗೆ ಸೇರಿತು. ಈಗ ಸರ್ವೆ ನಂಬರು ಗೊತ್ತಿದ್ದರೆ ಮೊಬೈಲಿನಲ್ಲೇ ಕಾಣುತ್ತದೆ. ದಿಶಾಂಕ್ ಆ್ಯಪ್ ತೆರೆದು ಹೊಲದ ನಡುವೆ ನಿಂತರೆ ನಿಂತ ನೆಲದ ನಂಬರನ್ನೂ ತೋರಿಸುತ್ತದೆ. ಒಳ್ಳೆಯದೇ ಆಯಿತು. ಆದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿದೆ ಎಂದುಕೊಳ್ಳುವ ಚಾಳಿಯೂ ಅದರ ಜೊತೆಗೇ ಬಂತು. ಹೊಸಬರು ಉತಾರದ 9ನೇ ಕಲಮಿನಲ್ಲಿ ಮಾರುವವನ ಹೆಸರು ಕಂಡ ಕೂಡಲೇ ಸಂಚಕಾರ ಕೊಟ್ಟುಬಿಡುತ್ತಾರೆ. ಮಗ್ಗುಲಿನ 10ನೇ ಕಲಮು ಆ ಹೊಲ ಆತನಿಗೆ ಹೇಗೆ ಬಂತೆಂದು ಹೇಳುತ್ತದೆ: ಖರೇದಿಯೋ, ವಾರಸಾ ಹಕ್ಕೋ, ವಾಟ್ನಿಯೋ, ಸರ್ಕಾರದ ಮಂಜೂರಿಯೋ. 11ನೆಯದರಲ್ಲಿ ಬೋಜಾ ಇರುತ್ತದೆ. ಸೊಸೈಟಿಯ ಸಾಲವೂ ಅಲ್ಲೇ, ಕೋರ್ಟಿನ ತಡೆಯೂ ಅಲ್ಲೇ.

ಮಂಜೂರಿ ಜಮೀನಿನ ವಿಚಾರವೊಂದೇ ಸಾಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯ ಪ್ರಕಾರ ಆ ಖರೇದಿ ನಿಲ್ಲುವುದಿಲ್ಲ. ವರ್ಷಗಳು ಉರುಳಿದ ಮೇಲೆ ಯಾರು ಕೇಳುತ್ತಾರೆ ಎಂಬ ಧೈರ್ಯಕ್ಕೂ 2023ರ ತಿದ್ದುಪಡಿ ಕತ್ತರಿ ಹಾಕಿದೆ. ಮರಳಿ ಕೇಳುವುದಕ್ಕೆ ಕಾಲಮಿತಿ ಇಲ್ಲ. ನ್ಯಾಯವೂ ಅದೇ. ಸೋವಿಯಲ್ಲಿ ಸಿಕ್ಕಿತೆಂದು ಹಿಗ್ಗುವವನು ಯಾಕೆ ಸೋವಿ ಎಂದು 10ನೇ ಕಲಮನ್ನು ಕೇಳಬೇಕಿತ್ತು.

ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಎನ್.ಎ. (ಕೃಷಿಯೇತರ) ಆಗದ ಹೊಲದಲ್ಲಿ ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟು 'ಗುಂಟೆ ಪ್ಲಾಟ್' ಎಂದು ಮಾರುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗುಂಟೆಗೆ 33 ಅಡಿಗೆ 33 ಅಡಿ, 1,089 ಚದರಡಿ ಎಂಬ ಲೆಕ್ಕವನ್ನಷ್ಟೇ ಅವರು ಸರಿಯಾಗಿ ಹೇಳುತ್ತಾರೆ. 500 ಚದರ ಮೀಟರಿಗಿಂತ ದೊಡ್ಡ ಲೇಔಟಾದರೆ ರೇರಾ ನೋಂದಣಿ ಇರಲೇಬೇಕು. ಅದರಲ್ಲಿ ಪ್ಲಾಟು ಮಾರಿಸುವ ಏಜೆಂಟನಿಗೂ ನೋಂದಣಿ ಬೇಕು. ನಂಬರು ಕೇಳಿ, ಅವನ ಮುಖ ನೋಡಿ.

ಇಷ್ಟನ್ನು ಓದಿದವನು ಅರ್ಧ ಗೆದ್ದ. ಇನ್ನರ್ಧ ಯಾವ ಸರ್ವರಿನಲ್ಲೂ ಇಲ್ಲ.

2019ರ ಆಗಸ್ಟಿನ ಮಹಾಪೂರದಲ್ಲಿ ಹೊಳೆ ಯಾವ ಬದುವಿನ ತನಕ ಬಂದಿತ್ತು? ಉತಾರ ಹೇಳುವುದಿಲ್ಲ. ಬಾಜು ಹೊಲದವನು ಬೇವಿನ ಗಿಡದ ಬೊಡ್ಡೆ ತೋರಿಸಿ ಇಲ್ಲಿತನಕ ಎನ್ನುತ್ತಾನೆ. ಗಾಡಿದಾರಿ ನಕ್ಷೆಯಲ್ಲಿದೆ, ಸರಿ, ಆದರೆ ಕಬ್ಬು ಸಾಗಿಸುವ ದಿನಗಳಲ್ಲಿ ಯಾರು ಅದಕ್ಕೆ ಮುಳ್ಳು ಹಚ್ಚುತ್ತಾರೆ? ಬೋರ್‌ವೆಲ್ಲಿನಲ್ಲಿ ಯುಗಾದಿಯ ಮುಂದೆಯೂ ನೀರು ಇರುತ್ತದೆಯೋ, ದ್ರಾಕ್ಷಿ ಪಡಕ್ಕೆ ಟ್ಯಾಂಕರ್ ತರಿಸುತ್ತಾರೋ? ಮಾರುತ್ತಿರುವವನು ಯಾಕೆ ಮಾರುತ್ತಿದ್ದಾನೆ? ಮಗಳ ಮದುವೆಗೋ, ಸಾಲಕ್ಕೋ, ತಮ್ಮನ ಮೇಲಿನ ಸಿಟ್ಟಿಗೋ? ಸಿಟ್ಟಿನಿಂದ ಮಾರಿದ ಹೊಲ ಕೊಂಡವನ ಮನೆಗೆ ಆ ಸಿಟ್ಟೂ ಬಂದು ಸೇರುತ್ತದೆ.

ನಮ್ಮ ಕಾಕಾ ಒಬ್ಬರು ಹೇಳುತ್ತಿದ್ದ ಮಾತು ನನಗೆ ಯಾವ ವಕೀಲರ ಸಲಹೆಗಿಂತಲೂ ಮೇಲು: "ತಮ್ಮಾ, ಹೊಲಾ ನೋಡಬ್ಯಾಡ, ಬಾಜೂ ಹೊಲದವನ್ನ ನೋಡು. ಹೊಲಾ ಒಂದ ದಿನ ಕೊಳ್ತಿ, ಅವನ ಜೋಡಿ ಜಲ್ಮಾ ಪೂರ್ತಿ ಬಾಳೇ ಮಾಡ್ಬೇಕಾಕ್ಕೈತಿ."

ಈಗ ಪರಿಚಯದ ಮಾತು. ಬೆಳಗಾವಿ, ಹುಬ್ಬಳ್ಳಿಯ ಹೋಟೆಲುಗಳಲ್ಲಿ ರವಿವಾರದ ಶಿಬಿರಗಳು ನಡೆಯುತ್ತವೆ. ಕೋಟು ತೊಟ್ಟ ಗುರುಗಳು ಜನಸಂಪರ್ಕ ಬೆಳೆಸಿಕೊಳ್ಳಿ ಎನ್ನುತ್ತಾರೆ. ಸಭಿಕರು ಕಾರ್ಡು ಹಂಚಿಕೊಂಡು, ವಾಟ್ಸ್ಆ್ಯಪ್ ಗುಂಪು ಕಟ್ಟಿಕೊಂಡು, ಊಟ ಮಾಡಿ ಬರುತ್ತಾರೆ. ಅಲ್ಲಿ ಸೇರಿದವರೆಲ್ಲ ಕೊಳ್ಳಲು ಬಂದವರು, ಅಥವಾ ಕೊಳ್ಳುವವರಿಗೆ ಮಾರಲು ಬಂದವರು. ಯಾರ ಕಾಲಿಗೂ ಎರೆಮಣ್ಣು ಹತ್ತಿರುವುದಿಲ್ಲ. ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ದರ, ದರ, ದರ. ದೇಶ ಸುತ್ತುವುದೆಂದರೆ ಇದಲ್ಲ.

ಯಾರ ಪರಿಚಯ ಬೇಕೆಂದು ಕೇಳಿದರೆ ನನ್ನ ಪಟ್ಟಿ ತೀರ ಬಡವರದು. ನಾಲ್ಕೂ ದಿಕ್ಕಿನ ಹೊಲದವರು. ಆ ಹೊಲಕ್ಕೆ ಕೂಲಿಗೆ ಹೋಗುವ ಹೆಣ್ಣುಮಕ್ಕಳು. ಲೈನ್‌ಮನ್. ಸೊಸೈಟಿಯ ಸೆಕ್ರೆಟರಿ, ಯಾಕೆಂದರೆ ಯಾರ ಸಾಲ ಸುಸ್ತಿಯಾಗಿದೆ ಎಂಬುದು ಆತನಿಗೆ ಬಾಯಿಪಾಠ. ಸಬ್-ರಜಿಸ್ಟ್ರಾರ್ ಕಚೇರಿಯ ಹೊರಗೆ ಕೂರುವ ಬಾಂಡ್ ರೈಟರ್. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, 1948ರಲ್ಲಿ ವಿಲೀನವಾಯಿತು. ಹೀಗಾಗಿ ಹಳೆಯ ಮನೆತನಗಳ ಪೆಟ್ಟಿಗೆಯಲ್ಲಿ ಮೋಡಿ ಲಿಪಿಯ ಕಾಗದ ಸಿಕ್ಕರೆ ಅಚ್ಚರಿಯಿಲ್ಲ. ಅದನ್ನು ಓದಬಲ್ಲ ಮುದುಕರು ಈಗ ವಿರಳ. ಒಬ್ಬರು ಸಿಕ್ಕರೆ ಅವರ ಕಾಲು ಹಿಡಿಯಬೇಕು. ದಲಾಲನನ್ನು ನಾನು ಬಿಟ್ಟಿಲ್ಲ, ಕೊನೆಗಿಟ್ಟಿದ್ದೇನೆ. ಆತನಿಗೆ ಬಹಳ ಗೊತ್ತಿರುತ್ತದೆ, ಆದರೆ ಆತನ ರೊಕ್ಕ ವ್ಯವಹಾರ ಕುದುರಿದರೆ ಮಾತ್ರ. ಬಾಜು ಹೊಲದವನಿಗೆ ಅಂಥ ಅವಸರವಿಲ್ಲ.

ಈ ಜನ ಕಾರ್ಡು ನೋಡಿ ಬಾಯಿ ಬಿಡುವವರಲ್ಲ. ಹೊತ್ತು ಬೇಕು. ಸುಗ್ಗಿಯಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಡಿದಾಗ ಒಮ್ಮೆ ಹೋಗಬೇಕು. ಹೇಳಿದ ದಿನಕ್ಕೆ ರೊಕ್ಕ ಕೊಟ್ಟ ಹೆಸರಿರಬೇಕು. ಪರಿಚಯದ ಬಲ ಎಂಥದೆಂದು ನಮ್ಮ ತಾಲೂಕಿಗೆ ಹೊರಗಿನವರು ಪಾಠ ಹೇಳಬೇಕಿಲ್ಲ. ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿ ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಸುತ್ತಲಿನ ಭೂಮಿಯ ಬೆಲೆ ಏರಿಸಿದ್ದು ಆ ನೀರು. ಆ ನೀರನ್ನು ನಿಲ್ಲಿಸಿದ್ದು ಒಬ್ಬರನ್ನೊಬ್ಬರು ನಂಬಿದ ಜನ. ಈಗ ಬೆಲೆಯನ್ನಷ್ಟೇ ಕೇಳಿಕೊಂಡು ಬರುವವರಿಗೆ ಈ ಕತೆ ಗೊತ್ತಿರಬೇಕೆಂಬುದು ನನ್ನ ಹಟ.

2020ರ ತನಕ ಬೇಸಾಯಗಾರನಲ್ಲದವನು ಕೃಷಿಭೂಮಿ ಕೊಳ್ಳುವುದಕ್ಕೆ ಕಾಯ್ದೆಯ ಅಡ್ಡಿಯಿತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಆ ಬಾಗಿಲು ತೆರೆಯಿತು. ಸರಿಯೋ ತಪ್ಪೋ ಎಂಬ ಜಗಳ ಬೇರೆ. ಮೊದಲು ಕೊಳ್ಳುವವನೂ ಮಾರುವವನೂ ಬಹುತೇಕ ಒಂದೇ ಸೀಮೆಯವರು, ಯಾರ ಮನೆಯಲ್ಲಿ ಎಷ್ಟು ಮಕ್ಕಳೆಂದು ಕೇಳಬೇಕಿರಲಿಲ್ಲ. ಈಗ ಬರುವ ಅಪರಿಚಿತ ಅದನ್ನೇ ಮೊದಲು ಕೇಳಬೇಕು.

ಯಾಕೆಂದರೆ ಉತಾರದಲ್ಲಿ ಅಕ್ಕ ಇರುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ವಾರಸಾ ಹಾಕುವಾಗ ಮೂವರು ಗಂಡುಮಕ್ಕಳ ಹೆಸರು ಏರುತ್ತದೆ. ಅಥಣಿಗೋ ತೇರದಾಳಕ್ಕೋ ಕೊಟ್ಟ ಹೆಣ್ಣುಮಗಳ ಹೆಸರು ಹೇಳಲು ಯಾರಿಗೂ ನೆನಪಾಗುವುದಿಲ್ಲ. ಕಾಗದ ಶುದ್ಧ, ಋಣಭಾರ ಪ್ರಮಾಣಪತ್ರವೂ ಶುದ್ಧ. ಕಾಯ್ದೆ ಮಾತ್ರ ಆಕೆಯನ್ನು ಮರೆತಿಲ್ಲ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನೂ ತೆಗೆಯಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ತಂದೆ 2005ರಲ್ಲಿ ಬದುಕಿರಲೇಬೇಕೆಂದೇನಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆದ ಮಾರಾಟ, ನೋಂದಾಯಿತ ವಾಟ್ನಿಗಳಿಗೆ ರಕ್ಷಣೆ ಇದೆ. ಆಮೇಲಿನದ್ದರಲ್ಲಿ ಅಕ್ಕ ಕೋರ್ಟಿಗೆ ಬಂದರೆ ಕೊಂಡವನ ಕನಸಿನ ಮೇಲೆ ತಡೆಯಾಜ್ಞೆ ಬೀಳುತ್ತದೆ.

ಈ ಅಕ್ಕನ ಸುದ್ದಿ ನಿಮಗೆ ಹೇಳುವವರು ಯಾರು? ಕೂಲಿಗೆ ಹೋಗುವ ಆ ಹೆಣ್ಣುಮಗಳೇ. "ಅವರಿಗೊಬ್ಬಾಕಿ ಅಕ್ಕ ಅದಾಳ್ರಿ, ಪಂಚಮಿಗೆ ಬರ್ತಿದ್ಲು, ಈಗ ಬರೂದಿಲ್ಲ." ಬರುವುದಿಲ್ಲ ಎಂದರೆ ಅಲ್ಲಿ ಏನೋ ಇದೆ.

ಚಾಣಾಕ್ಷರು ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ಅಕ್ಕನನ್ನು ಕರೆಸಿ, ಉಡಿ ತುಂಬಿ, ಒಂದು ಸೀರೆ ಕೊಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವುದು. ತವರು ಮುಚ್ಚಿಹೋದೀತೆಂಬ ಅಂಜಿಕೆಗೆ ಆಕೆ ಸಹಿ ಹಾಕುತ್ತಾಳೆ. ಕೊಳ್ಳುವವನಿಗೆ ಕಾಗದ ಪಕ್ಕಾ ಆಯಿತು, ಎಲ್ಲರೂ ನೆಮ್ಮದಿ. ಎಕರೆಗೆ 40 ಲಕ್ಷದ ಪರಿಹಾರ ಬರುವ ಮನೆಗಳಲ್ಲೂ ಇದೇ ಸೀರೆಯ ಆಟ ನಡೆದೀತೆಂಬ ಭಯ ನನಗಿದೆ. ಸಂಚಕಾರ ಕೊಡುವ ಮುಂಚೆ ಕೊಳ್ಳುವವನು ಅಥಣಿಯ ಬಸ್ಸು ಹತ್ತಬೇಕು. ಅಣ್ಣತಮ್ಮಂದಿರು ಇಲ್ಲದಾಗ ಆಕೆಯನ್ನು ಕಂಡು, ಎಕರೆಗೆ ಎಷ್ಟಕ್ಕೆ ಮಾತಾಗಿದೆ, ಅದರಲ್ಲಿ ನಿಮ್ಮ ಪಾಲು ಎಷ್ಟು ಬರುತ್ತದೆ ಎಂದು ಹೇಳಬೇಕು. ಆಕೆ ಪಾಲು ಬೇಕೆಂದರೆ ಆಕೆಯ ಖಾತೆಗೇ ಹಾಕಬೇಕು. ಇದರಿಂದ ವ್ಯವಹಾರ ಮುರಿದರೆ ಮುರಿಯಲಿ.

ಹೀಗೆಂದು ಜಮಖಂಡಿಯ ದಲಾಲರೊಬ್ಬರ ಮುಂದೆ ವಾದಿಸಿದೆ. ಅವರು ನಕ್ಕರು. "ಸರ್, ಹಿಂಗಂದ್ರ ಈ ತಾಲೂಕಿನಾಗ ಒಂದು ಖರೇದೀನೂ ಆಗೂದಿಲ್ಲ ನೋಡ್ರಿ" ಎಂದರು. ಆಗದಿದ್ದರೆ ಅಷ್ಟು ಖರೇದಿಗಳು ಅಷ್ಟು ಅಕ್ಕಂದಿರ ಮೇಲೆ ನಿಂತಿವೆ ಎಂದಂತಾಯಿತಲ್ಲ ಎಂದೆ. ಅವರಿಗೂ ಅಕ್ಕಂದಿರಿದ್ದಾರೆಂದು ನನಗೆ ಗೊತ್ತಿತ್ತು. ಆ ಅಕ್ಕಂದಿರ ಪಾಲೇನಾಯಿತೆಂದು ಕೇಳಿದೆ. ಅವರು ಚಹಾ ಹೇಳಿ, ಬಾಗಲಕೋಟ–ಕುಡಚಿ ರೈಲು ಯಾವಾಗ ಬಂದೀತು ಎಂಬ ಮಾತು ತೆಗೆದರು.